ಬುಟ್ಟಿ ನಾನೇ ಒಯ್ದಿದ್ದೇನೆ

ಅಮ್ಮಾ,

ಗಂಜಿ ಒಲೆಯ ಮೇಲಿದೆ. ಮೆಟ್ಟುಗತ್ತಿಯನ್ನು ಅಟ್ಟಕ್ಕೆ ಹಾಕಿದ್ದೇನೆ, ನೆಲದಲ್ಲಿ ಕೂತು ಏನನ್ನೂ ಕೊಯ್ಯಬೇಡ. ಮೀನಿನ ಬುಟ್ಟಿ ನಾನೇ ಒಯ್ದಿದ್ದೇನೆ. ಮೀನು ಮೀನು ಎಂದು ಕೂಗಲು ನಾಚಿಕೆಯಾದರೆ ಮನೆಗಳ ಬಾಗಿಲು ತಟ್ಟುತ್ತೇನೆ.

"ರಕ್ತದಗೆ ಎಂತದೂ ಇಲ್ಲೆ ಅಂಬ್ರ್ ಹೆಣೆ, ನಾಳಿಂದ ಬುಟ್ಟಿ ಹೊತ್ಕಂಡ್ ಹೋತೆ" ಎಂದು ನಿನ್ನೆ ಬಸ್ಸಿನಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿ ನಕ್ಕೆಯಲ್ಲ, ವಿಷಯ ಅಷ್ಟೇ ಅಲ್ಲ. ಆಸ್ಪತ್ರೆಯಲ್ಲಿ ನೀನು ಹೊರಗೆ ಹೋದ ಮೇಲೆ ಡಾಕ್ಟರು ನನಗೆ ಎಕ್ಸ್‌ರೇ ತೋರಿಸಿದರು. ಮೊಣಕಾಲಿನಲ್ಲೂ ಬೆರಳುಗಳಲ್ಲೂ ಎಲುಬುಗಳ ನಡುವಿನ ಮೆತ್ತನೆಯ ಪದರ ಸವೆದಿದೆ. ಆ ಸವೆತ ನಿನ್ನ ರಕ್ತದ ರಿಪೋರ್ಟಿನಲ್ಲಿ ಕಾಣುವುದಿಲ್ಲವಂತೆ. ಸವೆದದ್ದು ಮತ್ತೆ ಬೆಳೆಯುವುದೂ ಇಲ್ಲವಂತೆ.

ಕೋಟೇಶ್ವರದ ಮನೆಗಳಲ್ಲಿ ನೀನು ಯಾವಾಗ ಬರುತ್ತೀ ಎಂದು ಕೇಳುತ್ತಾರೆ. ಇನ್ನು ಬರುವುದಿಲ್ಲ ಎನ್ನುತ್ತೇನೆ. ಅದು ಅವರ ಬಾಯಿಂದ ನಿನಗೆ ತಿಳಿಯುವುದು ಬೇಡವೆಂದು ಬರೆದೆ.

ಸುಗಂಧಿ