ಕಾರು ಮಾರಬೇಡಿ, ವಾಸನೆಯ ಮೂಲ ಸಿಕ್ಕಿದೆ

ರೀ,

ಹನ್ನೊಂದಕ್ಕೆ ಕಾರು ಕೊಳ್ಳುವವರು ಬಂದರೆ ಕಾಫಿ ಕೊಟ್ಟು ಕಳಿಸಿ. ಕಾರು ಕೊಡಬೇಡಿ. ಆ ಸುಟ್ಟ ವಾಸನೆ ಎಲ್ಲಿಂದ ಬರುತ್ತಿತ್ತು ಅಂತ ಗೊತ್ತಾಯಿತು.

ನೀವು ಊರಿಗೆಲ್ಲ ಸಾರಿದ ಹಾಗೆ ಇಂಜಿನ್ ಸತ್ತಿಲ್ಲ. ನನ್ನ ಡ್ರೈವಿಂಗ್‌ನಿಂದಲೂ ಅಲ್ಲ. ಬೆಳಿಗ್ಗೆ ನೀವಿನ್ನೂ ಗೊರಕೆ ಹೊಡೆಯುತ್ತಿದ್ದಾಗ ಮೆಕ್ಯಾನಿಕ್‌ನನ್ನು ಕರೆಸಿ ಬಾನೆಟ್ ಎತ್ತಿಸಿದೆ. ಹೋದ ಭಾನುವಾರ ನೀವೇ ಇಂಜಿನ್‌ಗೆ ಆಯಿಲ್ ಸುರಿದಿರಲ್ಲ, ಅದರ ಮುಚ್ಚಳ ಬ್ಯಾಟರಿ ಪಕ್ಕದಲ್ಲಿ ಹಾಯಾಗಿ ಮಲಗಿತ್ತು! ತೆರೆದ ಬಾಯಿಂದ ಆಯಿಲ್ ಚಿಮ್ಮಿ ಕಾದ ಪೈಪಿನ ಮೇಲೆ ಬಿದ್ದು ಸುಡುತ್ತಿತ್ತಂತೆ.

"ಇದನ್ನ ಯಾರಮ್ಮಾ ಬಿಚ್ಚಿಟ್ಟಿದ್ದು?" ಅಂತ ಕೇಳಿದ. ನಾನು ಆಕಾಶ ನೋಡಿದೆ. ನಿಮ್ಮ ಮರ್ಯಾದೆ ಉಳಿಯಿತು ಅಂದುಕೊಳ್ಳಿ.

ಮುಚ್ಚಳ ಬಿಗಿದು, ಎಲ್ಲ ಒರೆಸಿ, ಆಯಿಲ್ ಅಳತೆಗೆ ತುಂಬಿಸಿದ್ದಾನೆ. ಉಳಿದ ಜಿಡ್ಡು ಸುಟ್ಟುಹೋಗುವ ತನಕ ಒಂದೆರಡು ದಿನ ವಾಸನೆ ಇರುತ್ತದೆ. ಗಾಬರಿಬಿದ್ದು ಮತ್ತೆ ಬಾನೆಟ್ ಎತ್ತಬೇಡಿ, ನಿಮಗೆ ಕೈ ಮುಗಿಯುತ್ತೇನೆ.

ನಾಲ್ಕಕ್ಕೆ ನಮ್ಮ ಶಾಲೆ ಬಿಡುತ್ತದೆ, ನನ್ನ ಪಾಠವೂ ಮುಗಿದಿರುತ್ತದೆ. ಅದೇ ಕಾರಿನಲ್ಲಿ ಬಂದು ನನ್ನನ್ನು ಕರೆದುಕೊಂಡು ಹೋಗಿ. ಕೆರೆ ಸುತ್ತಿಕೊಂಡು ಹೋಗುವ ಉದ್ದದ ದಾರಿಯಲ್ಲೇ ಹೋಗೋಣ. ನಾನು ಮಾತಾಡುವುದು ಬಹಳವಿದೆ, ನೀವು ಕೇಳುವುದು ಅದಕ್ಕಿಂತ ಜಾಸ್ತಿ ಇದೆ.