ಲಾರಿಯ ಪಕ್ಕದ ದಾರ

ರೀ,

ಲಾರಿಯ ಹೊಸ ಸ್ಪ್ರಿಂಗಿಗೆ ನಾವು ತೆತ್ತದ್ದು ಇಷ್ಟು: ಎರಡು ದಿನದ ಬಾಡಿಗೆ, ನನ್ನ ಹೆಬ್ಬೆರಳಿನ ಉಗುರು, ನನ್ನ ತಮ್ಮನ ಜೊತೆ ಒಂದು ಜಗಳ. ಮೊದಲೆರಡು ಇರಲಿ. ಮೂರನೆಯದು ದಂಡ, ಅದೂ ನಿಮ್ಮಿಂದ.

ಹೊಸ ಸ್ಪ್ರಿಂಗಿಗೆ ಲಾರಿ ಎತ್ತರವಾದ ಮೇಲೆ ಚಕ್ರ ನೇರ ಮಾಡಲು ಅವನು ಲಾರಿಯ ಪಕ್ಕಕ್ಕೆ ಎರಡು ಸ್ಟೂಲಿಟ್ಟು, ಉದ್ದಕ್ಕೆ ದಾರ ಕಟ್ಟಿ ಅಳೆದನಲ್ಲ, ಆಮೇಲೂ ಗಾಡಿ ಎಡಕ್ಕೇ ಎಳೆಯಿತು. "ಕಣ್ಣು ಕಾಣಲ್ವೇನೋ ನಿಂಗೆ?" ಎಂದೆ. "ನೀನೇ ಮಾಡ್ಕೋ ಅಕ್ಕ" ಎಂದು ನಟ್ಟು ಬಿಗಿಯುವ ಪಾನಾ ಇಟ್ಟು, ಊಟವನ್ನೂ ಬಿಟ್ಟು ಹೋದ.

ಬೆಳಿಗ್ಗೆ ಕಿಟಕಿಯಿಂದ ನೋಡಿದರೆ ಆ ದಾರದ ಮೇಲೆ ನಿಮ್ಮ ಒದ್ದೆ ಟವೆಲ್! ನಿನ್ನೆ ಅವನು ದಾರ ಕಟ್ಟಿದ ಮೇಲೆ, ಅಳೆಯುವ ಮುಂಚೆಯೂ ಅಲ್ಲೇ ಒಣಹಾಕಿ ತೆಗೆದಿದ್ದಿರಂತೆ, ಮಗಳು ಹೇಳಿದಳು. ಅದರ ಭಾರಕ್ಕೆ ಒಂದು ಸ್ಟೂಲು ಬೆರಳಗಲ ಲಾರಿಯ ಕಡೆಗೆ ಸರಿದಿದೆ. ಅವನು ಅಳೆದದ್ದು ಸರಿ, ದಾರವೇ ಸೊಟ್ಟ.

ಸ್ಟೂಲು ಸರಿಸಿ, ಮತ್ತೆ ಅಳೆದು, ನಟ್ಟು ತಿರುಗಿಸಿ ಒಂದು ಸುತ್ತು ಓಡಿಸಿದೆ. ನೂಲು ಹಿಡಿದ ಹಾಗೆ ಹೋಗುತ್ತದೆ. ಈಗ ಕಿಟಕಿ ಗಾಜಿನ ಲೋಡು ಇಳಿಸಿ ಮಧ್ಯಾಹ್ನ ಬರುತ್ತೇನೆ.

ನೀವು ಅವನ ಮನೆಗೆ ಹೋಗಿ. ಫೋನಿನಲ್ಲಿ ಬೇಡ, ಮುಖ ನೋಡಿ ಟವೆಲಿನ ಕಥೆ ಹೇಳಿ. ಮಿಕ್ಕದ್ದು ನಾನೇ ಹೇಳಿಕೊಳ್ಳುತ್ತೇನೆ. ಅವನ ಪಾನಾ ಒರೆಸಿ ಮೇಜಿನ ಮೇಲಿಟ್ಟಿದ್ದೇನೆ. ಅದನ್ನು ಮಾತ್ರ ಕೊಂಡೊಯ್ಯಬೇಡಿ. ತೆಗೆದುಕೊಳ್ಳಲು ಅವನೇ ಊಟದ ಹೊತ್ತಿಗೆ ಬರಲಿ. ಅಕ್ಕಿ ಒಂದು ಲೋಟ ಜಾಸ್ತಿ ಹಾಕಿ.

ಗಳಿಸಿದ್ದು ನಾಲ್ಕು ಬೆರಳು ಎತ್ತರ. ಕಳೆದುಕೊಂಡದ್ದು ನಿಮ್ಮ ಟವೆಲ್. ಪಾನಾ ಒರೆಸಿದ್ದು ಅದರಲ್ಲೇ.