ಹಳದಿ ನೀರಿನಲ್ಲಿ ಬದುಕಿದವು

ಬಂದ್ಯೋಡು
17 ಮಾರ್ಚ್ 1996, ಭಾನುವಾರ

ಪ್ರೀತಿಯ ಮಗಳು ವೆರೊನಿಕಾಳಿಗೆ,

ನಿನ್ನ ಪಪ್ಪನ ಆಶೀರ್ವಾದಗಳು. ನಿನ್ನ ಕಾಗದ ಬಂದು ತಿಂಗಳು ದಾಟಿತು, ಉತ್ತರ ತಡವಾಯಿತೆಂದು ಬೇಸರಿಸಬೇಡ. ಎರಡು ಸಲ ಬರೆಯಲು ಕುಳಿತೆ. "ಇಲ್ಲಿ ಎಲ್ಲರೂ ಕ್ಷೇಮ" ಎಂಬಲ್ಲಿಗೇ ಪೆನ್ನು ನಿಂತಿತು. ಮಮ್ಮಿಯ ಮಂಡಿನೋವು ಈಗ ಕಡಿಮೆ. ಇಗರ್ಜಿಯಲ್ಲಿ ಪೂಜೆ ಮುಗಿಸಿ ಬಂದವಳೇ ನಿನ್ನ ಹಾಸ್ಟೆಲಿಗೆ ಕಳಿಸಲು ಒಣ ಸಿಗಡಿ ಹುರಿಯುತ್ತಿದ್ದಾಳೆ.

ಕ್ರಿಸ್ಮಸ್ ರಜೆಯಲ್ಲಿ ನೀನು ಕಾಸರಗೋಡಿನ ನಮ್ಮ ಪ್ಲೇಟಿಂಗ್ ವರ್ಕ್‌ಶಾಪಿನ ಹಿಂದಿನ ಚರಂಡಿಯಿಂದ ನಾಲ್ಕು ಬಾಟಲಿ ನೀರು ತುಂಬಿಕೊಂಡಾಗ ನಾನು ನಕ್ಕಿದ್ದೆ. "ಅದರಲ್ಲಿ ಎಂತ ಸಿಗ್ತದೆ ನಿನಗೆ? ಕ್ರೋಮಿನ ನೀರು ಬಿದ್ದಲ್ಲಿ ಹುಲ್ಲೂ ಹುಟ್ಟುವುದಿಲ್ಲ" ಎಂದೆ. ಇಪ್ಪತ್ತೆರಡು ವರ್ಷ ಸ್ಕೂಟರಿನ ಬಂಪರು, ಸೈಕಲಿನ ರಿಮ್ಮುಗಳನ್ನು ತೊಟ್ಟಿಯಲ್ಲಿ ಮುಳುಗಿಸಿ ಹೊಳಪು ಬರಿಸಿದವನ ತಿಳುವಳಿಕೆ ಅಷ್ಟೇ. ಪೇಟೆಯ ಕೊಳಚೆ ನಮ್ಮ ಹಳದಿ ನೀರಿಗೆ ಸೇರುವಲ್ಲೇ ಬ್ಯಾಕ್ಟೀರಿಯಾಗಳು ಚೆನ್ನಾಗಿ ಬೆಳೆದಿವೆ, ವಿಷವನ್ನು ತಾಳಿಕೊಳ್ಳಲು ಕಲಿತ ಅವುಗಳಲ್ಲಿ ಕೆಲವು ಆಸ್ಪತ್ರೆಯ ಮದ್ದಿಗೂ ಸಾಯಲಿಲ್ಲ ಎಂದು ನೀನು ಬರೆದೆ. ನಿನ್ನ ಕಾಲೇಜಿನ ಸಂಶೋಧನಾ ಪ್ರಬಂಧದಲ್ಲಿ ವರ್ಕ್‌ಶಾಪಿನ ಹೆಸರು ಹಾಕಬಹುದೇ ಎಂದೂ ಕೇಳಿದೆ. ನಾನು ಹಾಸ್ಟೆಲಿಗೆ ಫೋನು ಮಾಡಿ, "ಆ ತೊಟ್ಟಿಗಳಿಂದಲೇ ನೀನು ಓದಿದ್ದು, ಮರೀಬೇಡ" ಎಂದು ಕಿರುಚಿದೆ. ನೀನು ಫೋನು ಇಟ್ಟುಬಿಟ್ಟೆ. ಆ ಮಾತಿಗೆ ನನ್ನನ್ನು ಕ್ಷಮಿಸು ಮಗಳೇ.

ಇನ್ನೊಂದು ಸುದ್ದಿ. ತೊಟ್ಟಿಯಿಂದ ತೆಗೆದ ಸಾಮಾನುಗಳನ್ನು ಒಂಬತ್ತು ವರ್ಷದಿಂದ ತೊಳೆಯುತ್ತಿದ್ದ ಅಕ್ಕು ಕಾಲು ನೋವಿನಿಂದ ಮಂಗಳೂರಿನ ಆಸ್ಪತ್ರೆಯಲ್ಲಿದ್ದಾಳೆ. ಅವಳ ಕಾಲ್ಬೆರಳಿನ ಸಂದಿಯಲ್ಲಿ ತೂತು ಕೊರೆದ ಹಾಗೆ ಒಂದು ಹುಣ್ಣಿತ್ತು. ನಮ್ಮ ಕೆಲಸದಲ್ಲಿ ಅದು ಎಲ್ಲರಿಗೂ ಆಗುವುದೇ, ನನ್ನ ಕೈಯಲ್ಲೂ ಮೂರು ಕಲೆಗಳಿವೆ. ಜನವರಿಯಲ್ಲಿ ಚರಂಡಿ ಕಟ್ಟಿಕೊಂಡಿತು. ಅವಳು ಬರಿಗಾಲಲ್ಲಿ ಇಳಿದು ಕೆಸರು ಎತ್ತಿದಳು. ಮಧ್ಯಾಹ್ನ ನನ್ನನ್ನು ಕರೆದು, "ಪೊರ್ಬುಲೇ, ಕಾಲು ಉರೀತದೆ. ಇವತ್ತಿಗೆ ಸಾಕಾ?" ಎಂದಳು.

"ಇನ್ನು ಸ್ವಲ್ಪ ಉಂಟಲ್ಲ ಅಕ್ಕು, ಮುಗಿಸಿಬಿಡು" ಎಂದೆ.

ಅವಳು ಮುಗಿಸಿದಳು. ವಾರದೊಳಗೆ ಕಾಲು ಬಾತಿತು. ಇಲ್ಲಿಯ ಡಾಕ್ಟರು ಎರಡು ಸಲ ಮಾತ್ರೆ ಬದಲಾಯಿಸಿದರೂ ಜ್ವರ ಇಳಿಯಲಿಲ್ಲ. ಫೆಬ್ರವರಿ ಕೊನೆಗೆ ನಾನೇ ಮಂಗಳೂರಿಗೆ ಕರೆದುಕೊಂಡು ಹೋದೆ. ಅವಳ ತಮ್ಮ ಬಟ್ಯ ಈಗ ಜೊತೆಗಿದ್ದಾನೆ. ನೀನು ಅದೇ ಊರಿನಲ್ಲಿದ್ದರೂ ನಿನಗೆ ತಿಳಿಸಲಿಲ್ಲ. ಕೀವು ಪರೀಕ್ಷೆ ಮಾಡಿದ ಡಾಕ್ಟರು, "ಯಾವ ಇಂಜೆಕ್ಷನ್ನಿಗೂ ಬಗ್ತಾ ಇಲ್ಲ" ಎಂದಾಗ ನಿನ್ನ ಕಾಗದದ ಸಾಲುಗಳೇ ಕಣ್ಣ ಮುಂದೆ ಬಂದವು. ನಿನ್ನ ಬಾಟಲಿಯಲ್ಲಿದ್ದದ್ದೇ ಅವಳ ಕಾಲಿಗೂ ಸೇರಿತೇ? ನನಗೆ ಗೊತ್ತಿಲ್ಲ. ಇಲ್ಲ ಎನ್ನುವ ಧೈರ್ಯವೂ ಇಲ್ಲ.

ಮೊನ್ನೆ ಶುಕ್ರವಾರ ಕೆಲಸ ನಿಲ್ಲಿಸಿದೆ. ಚರಂಡಿಗೆ ಹೋಗುವ ಪೈಪಿಗೆ ಸಿಮೆಂಟು ಜಡಿಸಿದೆ. ತಮ್ಮ ರುಡಾಲ್ಫನಿಗೆ ಸಿಟ್ಟು. "ನಿನಗೆ ಮರುಳಾ? ಪೇಟೆಯವರೆಲ್ಲ ಅದೇ ಚರಂಡಿಗೆ ಬಿಡ್ತಾರೆ, ನಾವು ಮಾತ್ರವಾ?" ಎಂದು ಕೇಳಿದ. ಆದರೂ ಸಿಮೆಂಟು ಒಡೆಯಲು ನಾನು ಬಿಡಲಿಲ್ಲ. ತೊಟ್ಟಿಗಳಲ್ಲಿ ಉಳಿದ ನೀರನ್ನು ಏನು ಮಾಡಬೇಕೆಂದು ನಿನ್ನ ಪ್ರೊಫೆಸರನ್ನು ಕೇಳಿ ಬರೆ. ಪ್ರಬಂಧದಲ್ಲಿ ನಮ್ಮ ಹೆಸರು ಹಾಕು. ವಿಳಾಸವನ್ನೂ ಹಾಕು.

ಹೊತ್ತಿಗೆ ಸರಿಯಾಗಿ ಊಟ ಮಾಡು. ಗ್ಲೌಸ್ ಇಲ್ಲದೆ ಆ ಬಾಟಲಿಗಳನ್ನು ಮುಟ್ಟಬೇಡ. ನೀನು ಕಂಡದ್ದನ್ನು ಕಂಡ ಹಾಗೆಯೇ ಬರೆಯುವ ಬಲವನ್ನು ದೇವರು ನಿನಗೆ ಕೊಡಲಿ.

ನಿನ್ನ ಪಪ್ಪ,
ರೆಜಿನಾಲ್ಡ್

ತಾ.ಕ.: ಲಕೋಟೆ ಅಂಟಿಸಲು ಹೋಗಿ ಮತ್ತೆ ಬಿಡಿಸಿದೆ. ಅಕ್ಕುವನ್ನು ಆಸ್ಪತ್ರೆಗೆ ಸೇರಿಸಿದ ದಿನ ಡಾಕ್ಟರು, "ಇವರು ಏನು ಕೆಲಸ ಮಾಡ್ತಾರೆ? ಕೆಮಿಕಲ್, ಕೊಳಚೆ ಏನಾದರೂ ಮುಟ್ಟುತ್ತಾರಾ?" ಎಂದು ನನ್ನನ್ನು ಕೇಳಿದರು. ಅವರು ಘಟ್ಟದ ಮೇಲಿನವರು, ತುಳು ತಿಳಿಯದು; ಅಕ್ಕುವಿಗೆ ತುಳು ಬಿಟ್ಟು ಬೇರೆ ಭಾಷೆ ಬಾರದು. "ಇಲ್ಲ ಡಾಕ್ಟ್ರೇ, ನಮ್ಮ ಮನೆಯಲ್ಲಿ ಪಾತ್ರೆ ತೊಳೆಯುವವಳು" ಎಂದೆ. ವರ್ಕ್‌ಶಾಪಿನ ಮೇಲೆ ಕೇಸಾದರೆ ಎಂದು ಹೆದರಿದ್ದೆ. ಅವರು ಹಾಗೆಯೇ ಬರೆದುಕೊಂಡರು. ಮೊನ್ನೆ ಗುರುವಾರ ಅವಳ ಬಲಗಾಲನ್ನು ಮಂಡಿಯ ಕೆಳಗೆ ಕತ್ತರಿಸಿದರು. ನಿಜ ಹೇಳಿದ್ದರೆ ಕಾಲು ಉಳಿಯುತ್ತಿತ್ತೇ, ನಿನಗೆ ಗೊತ್ತಿರಬಹುದು. ನಾಳೆ ಬೆಳಗಿನ ಬಸ್ಸಿಗೆ ಹೋಗಿ ಡಾಕ್ಟರಿಗೆ ನಿಜ ಹೇಳುತ್ತೇನೆ. ಅಕ್ಕುವಿಗೆ ಹೇಗೆ ಹೇಳಲಿ? ಅಂದು ಡಾಕ್ಟರು ಆಚೆ ಹೋದ ಮೇಲೆ ಅವಳು, "ಅವರು ಎಂತ ಕೇಳಿದ್ದು ಪೊರ್ಬುಲೇ?" ಎಂದಳು. "ನಿನ್ನ ಕೆಲಸ ಎಂತ ಅಂತ. ಎಲ್ಲ ಹೇಳಿದೆ" ಎಂದೆ.

"ಹೇಳಿದ್ದು ಒಳ್ಳೇದಾಯ್ತು, ಇನ್ನು ಸರಿಯಾದ ಮದ್ದು ಕೊಡ್ತಾರೆ" ಎಂದು ಅವಳು ನನ್ನ ಕೈ ಹಿಡಿದುಕೊಂಡಳು.